ಈಸು ಸೈಕಲ್ ಓಟ

ಮುರ್ತುಜಾಸಾಬ ನಿಂತು ಮಾತಾಡಿದ್ದನ್ನು ವಿಜಯಪುರದ ಇಬ್ರಾಹಿಂಪುರ ಓಣಿಯಲ್ಲಿ ಕಂಡವರೇ ಇರಲಿಲ್ಲ. ಸಲಾಂ ಎಂದರೆ ಸೈಕಲ್ಲಿನ ಮೇಲಿಂದಲೇ ಒಂದು ಕೈ ಎತ್ತುವನು. ಊಟ ಆಯಿತೇ ಎಂದು ಯಾರಾದರೂ ಕೇಳಿದರೆ ಉತ್ತರ ಓಣಿಯ ತಿರುವಿನ ಆಚೆಯಿಂದ ಬರುವುದು. ಅವನನ್ನೇ ಅಂದು ಉಪಯೋಗವಿಲ್ಲ, ಅವನ ದಂಧೆಯೇ ಅಂಥದ್ದು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ವಿಜಯಪುರ ಎಲ್ಲರ ಬಾಯಲ್ಲೂ ಬಿಜಾಪುರವೇ ಆಗಿತ್ತು. ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ ಇದ್ದದ್ದು ಬಿಜಾಪುರದಲ್ಲಿ. ತಣ್ಣನೆಯ ಸೋಡಾ ಬೇಕಾದದ್ದು ತಿಕೋಟಾ, ಬಬಲೇಶ್ವರದ ಮಂದಿಗೆ. ನಡುವೆ ಬಿಸಿಲು. ಆ ಬಿಸಿಲಿನಲ್ಲಿ ಬರ್ಫಿನ ಗಡ್ಡೆಗಳನ್ನು ಕಟ್ಟಿಗೆ ಹೊಟ್ಟಿನಲ್ಲಿ ಹೂತು, ಗೋಣಿತಟ್ಟಿನಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಹಗ್ಗದಿಂದ ಬಿಗಿದು, ಅದು ನೀರಾಗುವ ಮೊದಲು ಸೋಡಾ ಅಂಗಡಿ ಮುಟ್ಟಿಸುವವನು ಮುರ್ತುಜಾ. ದಾರಿಯಲ್ಲಿ ಯಾರು ಕರೆದರೂ ಒಂದೇ ಮಾತು: "ಬರ್ಫ ಕರಗತೈತಿ!"

ಹತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಬರ್ಫ್ ಇಲ್ಲದಾಗಲೂ ಬೆನ್ನ ಹಿಂದೆ ಏನೋ ಕರಗುತ್ತಿದೆ ಅನ್ನಿಸುತ್ತದೆ. ಮುರ್ತುಜಾ ನಿಂತೇ ಉಣ್ಣುತ್ತಿದ್ದ. ಹೆಂಡತಿಯನ್ನು ಕರೆದುಕೊಂಡು ಲಗ್ನಕ್ಕೆ ಹೊರಟರೆ, ಅವಳು ಹಂದರ ಮುಟ್ಟುವಷ್ಟರಲ್ಲಿ ಇವನು ಉಂಡು ಕೈ ಒರೆಸಿಕೊಳ್ಳುತ್ತಿರುತ್ತಿದ್ದ. ಹೆಂಡತಿ ರಾಜಬಿ ಬಬಲೇಶ್ವರದವಳು, ತೋಟದ ಇಸ್ಮಾಯಿಲಸಾಬರ ಕಿರಿಯ ಮಗಳು. ಅವಳು ಮಾತಿನವಳು, ಅದೂ ನಿಧಾನದ ಮಾತು. ಒಂದು ಸುದ್ದಿ ಹೇಳಲು ಹೊರಟರೆ ಅದರ ಹಿಂದಿನ ಸುದ್ದಿ, ಅದರ ಹಿಂದಿನ ಮಂದಿ ಎಲ್ಲ ಬರಬೇಕು. ಅವಳ ಕಥೆಗಳ ಅರ್ಧವನ್ನು ಕೇಳಿದ್ದು ಮನೆಯ ಬಾಗಿಲು. ಗಂಡ ಅಷ್ಟರಲ್ಲಿ ಸೈಕಲ್ ಹತ್ತಿರುತ್ತಿದ್ದ. ಕೆಟ್ಟವನಲ್ಲ ಅವನು. ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ಮನೆಯಲ್ಲಿದ್ದೂ ಇಲ್ಲದ ಗಂಡನೊಂದಿಗೆ ಬಾಳುವುದು ಸುಲಭ ಎಂದು ಯಾರಾದರೂ ಹೇಳಿದರೆ, ಅವರು ಬಾಳಿ ನೋಡಿಲ್ಲ ಎಂದೇ ಅರ್ಥ.

ಒಂದು ಬೇಸಿಗೆ ಮುಂಜಾನೆ ರಾಜಬಿಯ ಮೈ ಕೆಂಡವಾಗಿತ್ತು. ಒಲೆಯ ಮುಂದೆ ಗೋಡೆ ಹಿಡಿದು ನಿಂತಿದ್ದಳು. ಹೊರಗೆ ಸೈಕಲ್ಲಿನ ಮೇಲೆ ತಿಕೋಟಾಕ್ಕೆ ಒಯ್ಯುವ ಬರ್ಫ್ ಸಿದ್ಧವಾಗಿತ್ತು.

"ಒಂದ ಗಳಿಗಿ ಇರ್ರಿ. ಕಣ್ಣಿಗೆ ಕತ್ತಲಿ ಬರಾಕತ್ತೈತಿ."

"ಬರ್ಫ ಕರಗತೈತಿ, ರಾಜೀ. ಹೋದೆ, ಬಂದೆ ಅಂತ ತಿಳಿ."

ಹೋದ. ಬಂದದ್ದು ಮಾತ್ರ ಸಂಜೆ. ಬಾಗಿಲು ತೆರೆದಿತ್ತು, ಒಲೆ ಆರಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯ ಪರಸವ್ವ ಅಂಗಳದಲ್ಲಿ ಕುಳಿತವಳು ಅವನ ಮುಖವನ್ನೂ ನೋಡದೆ ಹೇಳಿದಳು: "ಬಿದ್ದಿದ್ದಳಪಾ. ಟಾಂಗಾದಾಗ ಹಾಕ್ಕೊಂಡು ದವಾಖಾನಿಗೆ ಒಯ್ದೀವಿ. ನೀ ಎಲ್ಲಿದ್ದೀಯೋ ಏನೋ ಅಂತ ಹುಡುಕೂದು ಬಿಟ್ಟಿವಿ." ದವಾಖಾನೆಯಲ್ಲಿ ರಾಜಬಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಜ್ವರ ಬಿಟ್ಟ ದಿನ ಅಪ್ಪ ಬಂದು ಮಗಳನ್ನು ಬಬಲೇಶ್ವರಕ್ಕೆ ಕರೆದೊಯ್ದ. ಹೋಗುವಾಗ ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ನಿಮಗ ಬರ್ಫ ಐತಿ, ನನಗ ಅಪ್ಪನ ಮನಿ ಐತಿ."

ಬೇಸಿಗೆ ಮುಗಿಯಿತು, ಮಳೆಗಾಲವೂ ಅರ್ಧ ಕಳೆಯಿತು. ಮುರ್ತುಜಾ ವಾರಕ್ಕೊಮ್ಮೆ ಬಬಲೇಶ್ವರದ ಅಂಗಡಿಗೆ ಬರ್ಫ್ ಇಳಿಸಿ ಮಾವನ ಮನೆಗೆ ಹೋಗುತ್ತಿದ್ದ. ಮಾವ ಇಸ್ಮಾಯಿಲಸಾಬರು ಜೋಳದ ಮಾತು, ಎತ್ತಿನ ಮಾತು ಆಡುತ್ತಿದ್ದರು. ಅತ್ತೆ ಇಮಾಮಬಿ ಅವನ ಎದುರು ಬರುತ್ತಲೇ ಇರಲಿಲ್ಲ. ಅತ್ತೆಯಾದವಳು ಅಳಿಯನೊಂದಿಗೆ ನೇರ ಮಾತಾಡಬಾರದೆಂಬುದು ಆ ಮನೆಯಲ್ಲಿ ಹಿಂದಿನಿಂದ ಬಂದ ರೀತಿ. ಬಾಗಿಲ ಸಂದಿಯಿಂದ ಚಹಾದ ಕಪ್ಪು-ಬಸಿ ಹೊರಗೆ ಸರಿದು ಬರುವುದು, ಅಷ್ಟೇ. ರಾಜಬಿಯ ಬಳೆಯ ಸದ್ದು ಒಳಗೆಲ್ಲೋ ಕೇಳಿಸುವುದು. ಚಹಾ ಕುಡಿದು ಇವನು ಎದ್ದು ಹೊರಡುವನು. ಖಾಲಿ ಮನೆಗೆ ಬಂದು ಬಾಗಿಲು ತೆರೆಯುವಾಗ ಅವನಿಗೆ ಜೀವ ಸಾಕು ಅನ್ನಿಸುತ್ತಿತ್ತು. ಆ ಮನುಷ್ಯನಿಗೆ ಅವಳು ಬೇಕಾಗಿದ್ದಳು. ಆದರೆ ಬೇಕು ಎಂದು ಹೇಳುವುದಕ್ಕೂ ಒಂದಿಷ್ಟು ಹೊತ್ತು ಬೇಕಲ್ಲ, ಅದು ಅವನ ಹತ್ತಿರ ಇರಲಿಲ್ಲ.

ಆಗ ಬಂದದ್ದು ಯಲಗೂರಪ್ಪನ ಟಾಂಗಾ.

ಯಲಗೂರಪ್ಪ ಊರಿನ ಒಂದು ತಾಲೀಮಿನ, ಅಂದರೆ ಗರಡಿಮನೆಯ, ಉಸ್ತಾದ. ಕುಸ್ತಿಯ ಹುಡುಗರಿಗೆ ಹೊಸದೇನಾದರೂ ಆಟ ಹಚ್ಚಬೇಕೆಂಬುದು ಅವನ ಹುಚ್ಚು. ಟಾಂಗಾಕ್ಕೆ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು ಓಣಿ ಓಣಿ ಸುತ್ತಿ ಕೂಗುತ್ತಿದ್ದ: "ಈಸು ಸೈಕಲ್ ಓಟ! ಕೇಳ್ರೆಪೋ ಕೇಳ್ರಿ, ಈಸು ಸೈಕಲ್ ಓಟ! ಬಿಜಾಪುರದಿಂದ ತಿಕೋಟಾ, ತಿಕೋಟಾದಿಂದ ಬಬಲೇಶ್ವರ..."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಈಸು ಎಂದರೆ ನೀರಿನಲ್ಲಿ ಈಜುವುದು. ಈಸು ಎಂದರೆ ಇಷ್ಟು ಎಂದೂ ಹೌದು. ಕೈ ಅಗಲಿಸಿ "ಈಸು ದೊಡ್ಡದು" ಅನ್ನುತ್ತೇವೆ. ಯಲಗೂರಪ್ಪ ಹೇಳಿದ್ದು ಈಸು, ಸೈಕಲ್, ಓಟ ಎಂಬ ಮೂರು ಪಂದ್ಯಗಳನ್ನು ಒಂದೇ ದಿನ, ಒಂದರ ಹಿಂದೊಂದು ಮಾಡಬೇಕೆಂದು. ಕಾಗದದ ಮೇಲೆ ಬರೆದಿದ್ದರೆ ನಡುವೆ ಅಲ್ಪವಿರಾಮ ಇರುತ್ತಿತ್ತು. ಭೋಂಗಾಕ್ಕೆ ಅಲ್ಪವಿರಾಮ ಎಲ್ಲಿಂದ ಬರಬೇಕು? ಮುರ್ತುಜಾನ ಕಿವಿಗೆ ಬಿದ್ದದ್ದು "ಇಷ್ಟು ದೊಡ್ಡ ಸೈಕಲ್ ಓಟ" ಎಂದು. ಟಾಂಗಾದ ಹಿಂದೆ ಹತ್ತು ಹೆಜ್ಜೆ ಹೋಗಿದ್ದರೆ ಬಾವಿಯ ಮಾತೂ ಕೇಳುತ್ತಿತ್ತು. ಅಷ್ಟು ಹೊತ್ತು ನಿಲ್ಲುವವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನೇರ ತಾಲೀಮಿಗೆ ಹೋಗಿ ಹೆಸರು ಕೊಟ್ಟ. ಯಲಗೂರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ಮೂರೂ ಆಗತಾವೇನ ಸಾಬ್ರ ನಿಮ್ಮ ಕೈಲೆ?" ಎಂದು ಕೇಳಿದ.

ಮೂರು ಎಂದರೆ ಮೂರು ಊರು ಎಂದು ಇವನ ಲೆಕ್ಕ. "ಮೂರ ಯಾಕ, ಆರ ಇಡ್ರಿ. ದಿನಾ ಮಾಡೂ ಕೆಲಸ ಅದು," ಎಂದು ಹೇಳಿ ಸೈಕಲ್ ಹತ್ತಿದ.

ಮರುದಿನವೇ ಬಬಲೇಶ್ವರ. ಮಾವನ ಅಂಗಳದಲ್ಲಿ ಕುಳಿತು, ಒಳಗಿನವರಿಗೂ ಕೇಳಲಿ ಎಂದು ದನಿ ಏರಿಸಿ ಹೇಳಿದ: "ಮಾವಾ, ಈಸು ಸೈಕಲ್ ಓಟಕ್ಕ ಹೆಸರ ಕೊಟ್ಟೀನ್ರಿ. ಮೊದಲನೇ ನಂಬರ ನಂದ. ನಿಮ್ಮೂರ ಬಜಾರದಾಗ, ನಿಮ್ಮ ಮಂದಿ ಮುಂದ ಗೆದ್ದು ತೋರಸ್ತೀನಿ. ಆಮ್ಯಾಲ ರಾಜೀನ್ನ ಕಳಸ್ರಿ."

ಇಸ್ಮಾಯಿಲಸಾಬರು ಹುಬ್ಬು ಏರಿಸಿದರು. ಆ ಪಂದ್ಯದ ಸುದ್ದಿ ಊರಿಗೆ ಆಗಲೇ ಬಂದಿತ್ತು. "ನಿನಗ ಈಸಾಕ ಬರತೈತೇನ?"

"ಈಸು ಏನ್ರಿ, ಇದರ ಎರಡರಷ್ಟು ಇದ್ರೂ ಹೊಡೀತೀನಿ."

ಬಾಗಿಲ ಹಿಂದೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡ ಸದ್ದು; ಒತ್ತಿಕೊಂಡರೂ ನಿಲ್ಲದೆ ನಗೆ ಹೊರಗೆ ಬಿತ್ತು. ಅದು ರಾಜಬಿಯ ನಗೆ. ಬೇಸಿಗೆಯಿಂದ ಕೇಳಿರದ ನಗೆ. "ಯಪ್ಪಾ, ಅವರ ಅದನ್ನ ಈಸೊಂದು ಅಂತ ತಿಳಕೊಂಡಾರ! ನೀರಾಗ ಈಸೂದು ಅಂತ ಹೇಳ ಅವರಿಗೆ!" ಎಂದು ಒಳಗಿಂದಲೇ ಕೂಗಿದಳು.

ಮುರ್ತುಜಾನ ಮುಖ ನೋಡುವ ಹಾಗಿತ್ತು. ಅವನು ಮೊಣಕಾಲು ಮೀರಿದ ನೀರಿಗೆ ಇಳಿದವನೇ ಅಲ್ಲ. ನಾಚಿಕೆಯಿಂದ ಕಿವಿ ಸುಟ್ಟವು. ಆದರೆ ಆ ನಗೆ ಕೇಳಿ ಎದೆಯಲ್ಲಿ ಏನೋ ಸಡಿಲಾದದ್ದೂ ಸುಳ್ಳಲ್ಲ. ಬೇರೆ ಯಾವಾಗಲೋ ಆಗಿದ್ದರೆ ಎದ್ದು ಹೋಗುತ್ತಿದ್ದ. ಅಂದು ಕುಳಿತೇ ಇದ್ದು, "ಬರೂದಿಲ್ರಿ. ಕಲೀತೀನಿ," ಎಂದ.

ಇಸ್ಮಾಯಿಲಸಾಬರು ಗಡ್ಡ ನೀವಿದರು. ಜಮಾತಿನ ಹಿರಿಯರನ್ನು ಕೂಡಿಸಿ ಇಬ್ಬರಿಗೂ ತಲಾಕು ಮಾಡಿಸಿಬಿಡುವ ಮಾತು ಆ ಮನೆಯಲ್ಲಿ ನಡೆದಿತ್ತು. ಅದನ್ನು ಅವರು ಅಳಿಯನಿಂದ ಮುಚ್ಚಿಡಲಿಲ್ಲ. "ನಂಬರ ತಗೊಂಡ ನಾ ಏನ ಮಾಡ್ಲಿ? ಮೂರೂ ಮುಗಸು. ನಡುವ ಬಿಡಬ್ಯಾಡ, ಗಾಡಿ ಹತ್ತಬ್ಯಾಡ. ಮುಗಸಿ ಈ ಅಂಗಳಕ್ಕ ಬಾ. ಆಮ್ಯಾಲ ಅಕಿನ್ನ ನೀನ ಕೇಳು. ಬರ್ತೀನಿ ಅಂದ್ರ ಕರಕೊಂಡ ಹೋಗು, ಒಲ್ಲೆ ಅಂದ್ರ ಒಲ್ಲೆ. ನಡುವ ಬಿಟ್ಟಿ ಅಂದ್ರ ಮಂದೀನ ಕೂಡಸ್ತೀನಿ. ಆಯ್ತಿಲ್ಲೋ?"

"ಆಯ್ತ್ರಿ. ಆದ್ರ ಕಲಸಾವ್ರು ಯಾರು?"

ಮಾವ ಬಾಗಿಲ ಕಡೆ ಕೈ ತೋರಿಸಿದರು. "ಈ ಓಣ್ಯಾಗಿನ ಹುಡುಗರಿಗೆಲ್ಲಾ ಈಸ ಕಲಿಸಿದಾಕಿ ನಿಮ್ಮ ಅತ್ತಿ. ಅಕೀನ ಕಲಸ್ತಾಳ."

ಬಾಗಿಲ ಹಿಂದೆ ಈಗ ನಗೆ ಇರಲಿಲ್ಲ. ಅಳಿಯನೊಂದಿಗೆ ಮಾತೇ ಆಡದ ಅತ್ತೆ ಅವನಿಗೆ ಈಸು ಕಲಿಸುವುದು ಹೇಗೆ? ಇಮಾಮಬಿ ಅದಕ್ಕೂ ಒಂದು ದಾರಿ ಕಂಡುಕೊಂಡಳು. ತೋಟದ ಬಾವಿ ದೊಡ್ಡದು, ಕಲ್ಲಿನ ಪಾವಟಿಗೆಯ ಮೆಟ್ಟಿಲು ಇಳಿದದ್ದು, ಮಳೆಯಿಂದ ತುಂಬಿತ್ತು. ಮೊದಲ ದಿನ ಅವಳು ತಲೆಯ ಮೇಲೆ ಸೆರಗು ಹೊದ್ದು, ಬಾವಿಯ ದಂಡೆಯಲ್ಲಿ ನೀರಿಗೆ ಅಡ್ಡವಾಗಿ ಕುಳಿತು, ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಎತ್ತಿನ ಕಡೆ ಮುಖ ಮಾಡಿದಳು.

"ಏ ಹಂಡ್ಯಾ, ಆ ಅಳಿಯಾರಿಗೆ ಹೇಳು, ನಡಾಕ ಡಬ್ಬಿ ಬಿಗೀಯಾಗಿ ಕಟ್ಟಿಕೋಬೇಕಂತ."

ಎಣ್ಣೆಯ ಖಾಲಿ ಡಬ್ಬಿಯೊಂದನ್ನು ತೇಲಲೆಂದು ನಡುವಿಗೆ ಕಟ್ಟಿಕೊಂಡು ನಿಂತಿದ್ದ ಮುರ್ತುಜಾ ಎತ್ತಿನ ಕಡೆ ನೋಡಿ, "ಕಟ್ಟೀನ್ರಿ," ಎಂದ.

"ಹಂಡ್ಯಾ, ಅಳಿಯಾರ ಕಾಲು ಕಟ್ಟಿಗಿ ಆಗ್ಯಾವು. ಕಪ್ಪಿ ಹ್ಯಾಂಗ ಆಡಸ್ತೈತಿ, ಹಂಗ ಆಡಸಬೇಕಂತ."

ಹಂಡ್ಯಾ ಕಿವಿ ಅಲ್ಲಾಡಿಸಿತು. ಹೀಗೆ ಪಾಠ ನಡೆಯಿತು. ಗುರು ಎತ್ತಿಗೆ ಹೇಳುವಳು, ಶಿಷ್ಯ ಎತ್ತಿಗೆ ಉತ್ತರ ಕೊಡುವನು. ಆದರೆ ನೀರು ಮಾತ್ರ ಅವನಿಗೆ ಒಗ್ಗಲೊಲ್ಲದು. ಸೈಕಲ್ ಆದರೆ ಒತ್ತಿದಷ್ಟೂ ಓಡುತ್ತದೆ. ನೀರಿನಲ್ಲಿ ಜೋರು ಮಾಡಿದಷ್ಟೂ ಅವನು ಅಲ್ಲಿಯೇ ಇರುತ್ತಿದ್ದ. ಮೂಗು ಬಾಯಿಗೆ ನೀರು, ಕಣ್ಣು ಕೆಂಪು. ಬಾವಿಯ ಅರ್ಧ ನೀರು ಹೊರಗೆ ಚೆಲ್ಲಿದರೂ ಅವನು ಒಂದು ಮಾರು ಮುಂದೆ ಹೋಗುತ್ತಿರಲಿಲ್ಲ. ಇಷ್ಟಾದರೂ ಮರುದಿನ ತಪ್ಪದೆ ಬರುತ್ತಿದ್ದ. ಮಳೆಗಾಲ, ಚಳಿಗಾಲದಲ್ಲಿ ಬರ್ಫಿನ ಕೆಲಸ ಕಡಿಮೆ, ಆದ್ದರಿಂದ ಸಮಯಕ್ಕೆ ಬರವಿರಲಿಲ್ಲ.

ಒಂದು ದಿನ ನೀರಿನ ನಡುವೆ ಡಬ್ಬಿಯ ಹಗ್ಗ ಕಳಚಿತು. ಡಬ್ಬಿ ಒಂದು ಕಡೆ ತೇಲಿತು, ಅಳಿಯ ಇನ್ನೊಂದು ಕಡೆ ಮುಳುಗಿದ. ಮೇಲೆ ಬಂದವನು ಕೈಕಾಲು ಬಡಿದು, ಕೂಗಲು ಹೋಗಿ ನೀರು ಕುಡಿದು, ಮತ್ತೆ ಮುಳುಗಿದ. ದಂಡೆಯ ಮೇಲೆ ಇಮಾಮಬಿ ಎದ್ದು ನಿಂತಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಲೇ ಮುರ್ತುಜಾ! ನೀರಿನ ಕೂಡ ಗುದ್ದಾಡಬ್ಯಾಡಲೇ! ಮಾರಿ ಮ್ಯಾಲ ಮಾಡು! ಕೈ ಬಿಡು, ಕಾಲ ಬಿಡು, ಸುಮ್ಮ ಬೀಳು! ಏನೂ ಮಾಡಬ್ಯಾಡ!"

ಏನೂ ಮಾಡಬೇಡ ಎಂದು ಅವನಿಗೆ ಆವರೆಗೆ ಯಾರೂ ಹೇಳಿರಲಿಲ್ಲ. ಮುಖ ಮೇಲೆ ಮಾಡಿ, ಎಲ್ಲವನ್ನೂ ಬಿಟ್ಟ. ನೀರು ಅವನನ್ನು ಎತ್ತಿ ಹಿಡಿಯಿತು. ಕಿವಿ ತುಂಬ ಮೌನ, ಕಣ್ಣಿನ ಮುಂದೆ ಬಾವಿಯಗಲದ ಆಕಾಶ. ಹಾಗೆಯೇ ತೇಲಿ ತೇಲಿ ಪಾವಟಿಗೆಯ ಹತ್ತಿರ ಬಂದ. ಇಮಾಮಬಿ ಕೈ ಕೊಟ್ಟು ಎಳೆದುಕೊಂಡಳು. ಆಮೇಲೆ ತಾನೇನು ಮಾಡಿದೆನೆಂಬುದು ನೆನಪಾಗಿ, ಸೆರಗು ಎಳೆದುಕೊಂಡು ಎತ್ತಿನ ಕಡೆ ತಿರುಗಿದಳು. ನಾಚಿಕೆಗೆ ಅವಳಿಗೂ ನಗೆ ಬಂತು, ಕೆಮ್ಮುತ್ತ ಕುಳಿತ ಅವನಿಗೂ ಬಂತು.

ನಗೆ ನಿಂತ ಮೇಲೆ ಇಮಾಮಬಿ ಎತ್ತಿನ ಬೆನ್ನು ಸವರುತ್ತ ಹೇಳಿದಳು: "ಹಂಡ್ಯಾ, ಆವತ್ತ ಜ್ವರದಾಗ ರಾಜೀ ಒಲಿ ಮ್ಯಾಲ ಬಿದ್ದು ಹಣಿ ಒಡಕೊಂಡಿದ್ಲು. ಇನ್ನೂ ಗಾಯದ ಕಲಿ ಐತಿ. ಅಳಿಯಾರಿಗೆ ಅದು ಗೊತ್ತೈತೋ, ಇಲ್ಲೋ."

ಅವನಿಗೆ ಗೊತ್ತಿರಲಿಲ್ಲ. ದವಾಖಾನೆಯಲ್ಲಿ ಅವಳು ಸೆರಗು ಎಳೆದುಕೊಂಡಿದ್ದನ್ನು ನೋಡಿದ್ದ, ಸಿಟ್ಟಿಗೆ ಎಂದುಕೊಂಡಿದ್ದ. ಎಲ್ಲಿ ಬಿದ್ದೆ, ಎಲ್ಲಿ ನೋವಾಯಿತು ಎಂದು ಕೇಳಿರಲಿಲ್ಲ. ಮಾವನಿಂದ ಹಿಡಿದು ಪರಸವ್ವನವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಗಂಡನಿಗೆ ಗೊತ್ತಿರಲಿಲ್ಲ. ಪಾವಟಿಗೆಯ ಮೇಲೆ ಕುಳಿತೇ ಇದ್ದ. ನಾಚಿಕೆ ಎಂದರೆ ಏನೆಂದು ಅವನಿಗೆ ಅಂದು ಗೊತ್ತಾಯಿತು. ಬಾಗಿಲ ಹಿಂದಿನ ನಗೆಗೆ ಕಿವಿ ಸುಟ್ಟದ್ದು ಅದರ ಮುಂದೆ ಏನೂ ಅಲ್ಲ.

ಅಲ್ಲಿಂದ ಮುಂದೆ ಅವನು ಬೇಗ ಕಲಿತ. ಬೇಗ ಎಂದರೆ ಅವನ ಹಳೆಯ ಬೇಗ ಅಲ್ಲ. ಕೈ ಚಾಚಬೇಕು, ಉಸಿರು ಬಿಡಬೇಕು, ನೀರು ಒಯ್ಯುವವರೆಗೆ ಕಾಯಬೇಕು. ಡಬ್ಬಿ ಮನೆಯ ಅಟ್ಟ ಸೇರಿತು. ಬಾವಿಯಿಂದ ಎದ್ದು ಮೈ ಒರೆಸಿಕೊಂಡು ಪಕ್ಕದ ಊರು ನಿಡೋಣಿಯ ದಾರಿ ಹಿಡಿದು ಓಡುವುದು ಎರಡನೆಯ ಪಾಠ. ಮೊದಲ ದಿನ ಬೆನ್ನ ಮೇಲೆ ಬರ್ಫ್ ಹೊತ್ತವನ ಹಾಗೆ ಓಡಿ, ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡು ಕುಳಿತ. ದಿನ ಕಳೆದಂತೆ ನಿಧಾನಕ್ಕೆ ಓಡಿದರೆ ದೂರ ಹೋಗಬಹುದೆಂದು ತಿಳಿಯಿತು. ಅಂಗಳದಲ್ಲಿ ಚಹಾ ಕುಡಿಯುವಾಗ ಈಗ ಮಾವನ ಜೋಳದ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದ. ನಡುನಡುವೆ "ಆಮ್ಯಾಲ ಏನಾತ್ರಿ?" ಎಂದೂ ಕೇಳುತ್ತಿದ್ದ. ಒಮ್ಮೆ ಹಾಗೆ ಕೇಳಿದಾಗ ಒಳಗಿನ ಬಳೆಯ ಸದ್ದು ನಿಂತುಹೋಯಿತು. ರಾಜಬಿ ಮಾತ್ರ ಒಂದು ದಿನವೂ ಹೊರಗೆ ಬರಲಿಲ್ಲ, ಇವನೂ ಕರೆಯಲಿಲ್ಲ. ಮಾವನಿಗೆ ಕೊಟ್ಟ ಮಾತು ಮಾತೇ.

ದೀಪಾವಳಿ ಮುಗಿದು ಚಳಿ ಹಿಡಿದ ಮೇಲೆ ಪಂದ್ಯದ ದಿನ ಬಂತು. ಬಿಜಾಪುರದ ಒಂದು ಹಳೆಯ ಬಾವಡಿಯ ಸುತ್ತ ಮಂದಿಯೋ ಮಂದಿ. ತಾಲೀಮಿನ ಹುಡುಗರೆಲ್ಲ ಎಣ್ಣೆ ಹಚ್ಚಿದ ಮೈಯಲ್ಲಿ ಮಿಂಚುತ್ತಿದ್ದರು. ಅವರ ನಡುವೆ ಬಡಕಲು ಕಾಲಿನ ಬರ್ಫಿನ ಮುರ್ತುಜಾನನ್ನು ಕಂಡು ಯಾರೋ, "ಸಾಬ್ರ, ನೀರ ಗಡ್ಡಿ ಕಟ್ಟಾಕ ಬಂದೀರೇನ?" ಎಂದು ಕೆಣಕಿದರು. ಯಲಗೂರಪ್ಪ ಸೀಟಿ ಊದಿದ. ಎಲ್ಲರೂ ದುಡುಂ ದುಡುಂ ಎಂದು ಹಾರಿದರು. ಮುರ್ತುಜಾ ಪಾವಟಿಗೆ ಇಳಿದು ಹೋಗಿ, ನೀರಿಗೆ ಸಲಾಂ ಹೇಳುವವನ ಹಾಗೆ ಮೆಲ್ಲಗೆ ಇಳಿದ. ಆ ದಂಡೆಯಿಂದ ಈ ದಂಡೆಗೆ, ಈ ದಂಡೆಯಿಂದ ಆ ದಂಡೆಗೆ. ಹಾರಿದವರಲ್ಲಿ ಕೆಲವರು ಏದುಸಿರು ಬಿಟ್ಟು ಮೇಲೆ ಹತ್ತಿಬಿಟ್ಟರು. ಇವನು ಹಿಂದಿನವರಲ್ಲೇ ಹಿಂದಿನವನಾಗಿ ಮುಗಿಸಿ ಎದ್ದ. ಆದರೆ ಮುಗಿಸಿದ. ನೀರು ಸುರಿಯುವ ಮೈಯಲ್ಲಿ ನಿಂತು ಅಲ್ಲಾಹನಿಗೆ ಒಂದು ಶುಕ್ರಿಯಾ, ಅತ್ತೆಗೆ ಒಂದು ಶುಕ್ರಿಯಾ, ಹಂಡ್ಯಾನಿಗೂ ಒಂದು ಹೇಳಿದ.

ಸೈಕಲ್ ಹತ್ತಿದ್ದೇ ತಡ, ಕಲಿತದ್ದೆಲ್ಲ ತಲೆಯಿಂದ ಹಾರಿಹೋಯಿತು. ಆ ಸೀಟಿನ ಮೇಲೆ ಕುಳಿತರೆ ಕಾಲುಗಳಿಗೆ ಒಂದೇ ಗೊತ್ತು. ತಿಕೋಟಾ ದಾರಿಯಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ತಿಕೋಟಾದ ಸೋಡಾ ಅಂಗಡಿಯವರು ರಸ್ತೆಗೆ ಬಂದು, "ಮುರ್ತುಜಾ, ಬರ್ಫ ಎಲ್ಲೈತೋ?" ಎಂದು ಕೂಗಿದಾಗ ಇನ್ನಷ್ಟು ಹುರುಪು ಏರಿತು. ಅಲ್ಲಿಂದ ಬಬಲೇಶ್ವರದ ಕಚ್ಚಾ ರಸ್ತೆಯ ಧೂಳಿನಲ್ಲಿ ಎಲ್ಲರಿಗಿಂತ ಮುಂದೆ ಅವನೇ. ಬಜಾರಕ್ಕೆ ಮೊದಲು ನುಗ್ಗಿದವನೂ ಅವನೇ. ಮಂದಿ ಸೀಟಿ ಹೊಡೆದರು. ಸೈಕಲ್ಲನ್ನು ಕಟ್ಟೆಗೆ ಆನಿಸಿ, ಮಾವನ ಓಣಿಯ ಕಡೆ ಕಣ್ಣು ಹಾಯಿಸಿದ. ಅಲ್ಲಿ ಯಾರೂ ಇರಲಿಲ್ಲ. ನಿಡೋಣಿಯವರೆಗೆ ಓಡಿಹೋಗಿ ಬಂದರೆ ಮುಗಿಯಿತು, ಮೊದಲ ನಂಬರು ತನ್ನದೇ ಎಂದು ಓಡತೊಡಗಿದ.

ಊರು ದಾಟಿ ಬಹಳ ದೂರ ಹೋಗಿರಲಿಲ್ಲ. ಎರಡೂ ತೊಡೆಗಳು ಹಿಡಿದುಕೊಂಡವು. ಹೆಜ್ಜೆ ಇಡಲು ಹೋದರೆ ಜೀವ ಹಿಂಡುವ ನೋವು. ರಸ್ತೆಯ ಬದಿಗೆ ಕುಸಿದು ಕುಳಿತ. ಸೈಕಲ್ಲಿನಲ್ಲಿ ಹಿಂದೆ ಬಿದ್ದಿದ್ದ ಹುಡುಗರು ಒಬ್ಬರ ಹಿಂದೊಬ್ಬರು ಅವನನ್ನು ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಅವರೇ ನಿಡೋಣಿ ಮುಟ್ಟಿ ತಿರುಗಿ ಎದುರಿನಿಂದ ಬಂದರು. ಮುರ್ತುಜಾ ಇನ್ನೂ ಹೋಗುವ ದಾರಿಯಲ್ಲೇ ಇದ್ದ, ಒಂದು ಬಡಿಗೆ ಊರಿಕೊಂಡು ನಡೆಯುತ್ತಿದ್ದ. ನಿಡೋಣಿಯ ಹಳ್ಳದ ಹತ್ತಿರ ಗುರುತಿಗೆ ನಿಲ್ಲಿಸಿದ್ದ ಕೋಲನ್ನು ಸುತ್ತಿ ತಿರುಗುವಾಗ ಯಲಗೂರಪ್ಪನ ಟಾಂಗಾ ಬಂತು.

"ಹತ್ತರಿ ಸಾಬ್ರ. ಗೆದ್ದಾವ್ರು ಗೆದ್ದಾರ, ಹಾರ ಹಾಕೂದೂ ಆತು. ಇನ್ನ ಯಾರ ಸಲುವಾಗಿ ನಡೀತೀರಿ?"

"ನನ್ನ ಸಲುವಾಗಿರಿ. ನೀವು ಹೋಗ್ರಿ."

ಯಲಗೂರಪ್ಪ ತಲೆ ಅಲ್ಲಾಡಿಸಿ, ಕೋಲು ಕಿತ್ತುಕೊಂಡು ಹೋದ. ಆಮೇಲೆ ಒಂದು ಚಕ್ಕಡಿ ಬಂತು. ಜೈನಾಪುರದ ಬಸಗೊಂಡಪ್ಪನದು, ಖಾಲಿ ಚಕ್ಕಡಿ, ಮೆತ್ತಗೆ ಹುಲ್ಲು ಹಾಸಿತ್ತು. "ಬಾರೋ ತಮ್ಮಾ, ಬಬಲೇಶ್ವರದ ಮ್ಯಾಲಿಂದನ ಹೋಗ್ತೀನಿ. ಯಾರ ನೋಡ್ಯಾರು?" ಎಂದ ಬಸಗೊಂಡಪ್ಪ. ಯಾರು ನೋಡುತ್ತಾರೆ ಎಂಬುದು ನಿಜವೇ. ಎರಡೂ ಕಡೆ ಹಸಿರು ಜೋಳದ ಹೊಲ ಬಿಟ್ಟರೆ ಆ ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಮುರ್ತುಜಾನ ಕೈ ಚಕ್ಕಡಿಯ ಹಿಂದಿನ ಕಟ್ಟಿಗೆಯನ್ನು ಹಿಡಿಯಿತು. ಹಿಡಿದು, ಬಿಟ್ಟಿತು. ಗಾಡಿ ಹತ್ತಿ ಬಂದು ರಾಜಬಿಯ ಮುಂದೆ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಮಾವನ ಶರತ್ತಿಗೆ ಹೆದರಿಯೂ ಅಲ್ಲ. ಅವಳಿಗೆ ಹೇಳಬೇಕಾದದ್ದು ಒಂದಿತ್ತು, ಅದನ್ನು ಸುಳ್ಳು ಕಾಲಿನ ಮೇಲೆ ನಿಂತು ಹೇಳುವುದು ಬೇಡವಾಗಿತ್ತು. ಬೆನ್ನ ಹಿಂದೆ ಏನೂ ಕರಗುತ್ತಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ನೋವಿತ್ತು, ಹೆದರಿಕೆ ಇತ್ತು, ಅವಸರ ಇರಲಿಲ್ಲ.

ಬಬಲೇಶ್ವರ ಮುಟ್ಟಿದಾಗ ಹೊತ್ತು ಇಳಿದಿತ್ತು. ಬಜಾರದಲ್ಲಿ ಎಳೆದಿದ್ದ ಸುಣ್ಣದ ಗೆರೆಯನ್ನು ದನಗಳು ತುಳಿದು ಅಳಿಸಿದ್ದವು. ಹಾರದಿಂದ ಬಿದ್ದ ಚೆಂಡುಹೂವುಗಳು ಅಲ್ಲಲ್ಲಿ ಬಿದ್ದಿದ್ದವು. ಇವನನ್ನು ಯಾರೂ ನೋಡಲಿಲ್ಲ. ಕುಂಟುತ್ತ ಮಾವನ ಅಂಗಳಕ್ಕೆ ಬಂದ. ಇಸ್ಮಾಯಿಲಸಾಬರು ನಮಾಜಿಗೆ ಕೈಕಾಲು ತೊಳೆಯುತ್ತಿದ್ದರು.

"ಮೂರೂ ಮುಗಸಿದೇನ?"

"ಮುಗಸಿನ್ರಿ ಮಾವಾ. ಎಲ್ಲಾರಿಗಿಂತ ಕಡೀಕ ಬಂದೆ."

"ಅದನ್ನ ನಾ ಕೇಳಲಿಲ್ಲ," ಎಂದು ಅವರು ಅಡುಗೆಮನೆಯ ಕಡೆ ಕೈ ಮಾಡಿದರು.

ಒಳಗೆ ರಾಜಬಿ ರೊಟ್ಟಿ ಬಡಿಯುತ್ತಿದ್ದಳು. ಇಮಾಮಬಿ ಅಳಿಯನನ್ನು ಕಂಡದ್ದೇ ಹಿಂದಿನ ಬಾಗಿಲಿನಿಂದ ಎತ್ತಿನ ಕಡೆ ಹೊರಟುಹೋದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು ಮುರ್ತುಜಾ ಹೊಸ್ತಿಲಲ್ಲಿ ನಿಂತು ಕೇಳಿದ: "ಹಣಿ ಬಹಳ ನೋವಾಗಿತ್ತೇನ ರಾಜೀ?"

ರೊಟ್ಟಿ ಬಡಿಯುವ ಕೈ ನಿಂತಿತು. ಅವಳು ತಿರುಗಲಿಲ್ಲ. "ಈಗ ಕೇಳಾಕತ್ತೀರೇನ?"

"ನನಗ ಗೊತ್ತಿರಲಿಲ್ಲ. ಗೊತ್ತ ಮಾಡಕೊಳ್ಳಿಲ್ಲ. ಆವತ್ತ ನಾ ಹೋಗಬಾರದಿತ್ತು. ತಪ್ಪಾತು, ರಾಜೀ. ನೀ ಇಲ್ಲದ ಮನಿ ನನ್ನ ಕೈಲೆ ಆಗವಲ್ದು." ಇಷ್ಟು ಹೇಳಿ ಮುಗಿಸಿ, ಅವನು ಹೊರಡಲಿಲ್ಲ. ಉತ್ತರ ಬರಲಿ, ಬರದಿರಲಿ, ಅಲ್ಲಿಯೇ ಗೋಡೆಗೆ ಆತು ನಿಂತ. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

ರಾಜಬಿ ತಿರುಗಿದಳು. ಸೆರಗು ಹಿಂದೆ ಸರಿದಿತ್ತು. ಎಡ ಹುಬ್ಬಿನ ಮೇಲೆ ಬೆರಳಗಲದ ಗಾಯದ ಗುರುತು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗದರುವ ದನಿ. "ನಿಂತೀರಿ ಯಾಕ? ಕಾಲು ಹ್ಯಾಂಗ ನಡಗಾಕತ್ತಾವ ನೋಡ್ರಿ. ಕುಂದರ್ರಿ ಮೊದಲ." ಅವನು ಕುಳಿತ. ಅವಳು ತಾಟು ಇಟ್ಟು, ಬಿಸಿ ರೊಟ್ಟಿ ಹಾಕಿ, ಎದುರಿಗೆ ಕುಳಿತು, ಅವನು ಬಾವಿಯಲ್ಲಿ ಮುಳುಗಿದ ಕಥೆಯನ್ನು ಅವನಿಗೇ ಹೇಳತೊಡಗಿದಳು. ಅವ್ವ ಬಂದು ಹೇಳಿದ್ದು, ಅಪ್ಪ ನಕ್ಕದ್ದು, ಓಣಿಯ ಮಂದಿ ಅಂದದ್ದು, ಎಲ್ಲ. ರೊಟ್ಟಿ ಮುಗಿದರೂ ಕಥೆ ಮುಗಿಯಲಿಲ್ಲ. ಮುರ್ತುಜಾ ಎಂಜಲು ಒಣಗಿದ ಕೈಯಲ್ಲಿ ಕುಳಿತು ಕೇಳುತ್ತಿದ್ದ. ಎದೆಯ ಮೇಲಿನ ಕಲ್ಲು ಇಳಿದವನಿಗೆ ಕೈ ತೊಳೆಯುವ ನೆನಪೆಲ್ಲಿ?

ಕೊನೆಗೆ ಅವಳೇ ಹೇಳಿದಳು: "ನಾಳೆ ಮುಂಜಾನಿ ಬಸ್ಸಿಗೆ ಹೋಗೂನು. ಸೈಕಲ್ ಬಸ್ಸಿನ ಮ್ಯಾಲ ಹಾಕ್ರಿ. ಅದರ ಹಿಂದ ನಾ ಕೂಡಾಂಗಿಲ್ಲ, ಅದು ಬರ್ಫಿನ ಜಾಗಾ."

ಮರುದಿನ ಮುಂಜಾನೆ ಇಬ್ಬರೂ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತರು. ಬಸ್ಸು ಪ್ರತಿ ಮರದ ಕೆಳಗೂ ನಿಂತು ಮಂದಿಯನ್ನು ಹತ್ತಿಸಿಕೊಳ್ಳುತ್ತಿತ್ತು. ಡ್ರೈವರ್ ಒಂದು ಕಡೆ ಇಳಿದು ಚಹಾ ಕುಡಿದು ಬಂದ. ರಾತ್ರಿಯೆಲ್ಲ ಅವ್ವನೊಂದಿಗೆ ಮಾತಾಡಿ ನಿದ್ದೆಗೆಟ್ಟಿದ್ದ ರಾಜಬಿ ಅರ್ಧ ದಾರಿಯಲ್ಲೇ ಗಂಡನ ಹೆಗಲಿಗೆ ತಲೆ ಆನಿಸಿ ಮಲಗಿಬಿಟ್ಟಳು. ಬಿಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಗಂಟು, ಬುಟ್ಟಿ, ಕೋಳಿ ಹಿಡಿದುಕೊಂಡು ಮಂದಿಯೆಲ್ಲ ಇಳಿದರು. ಖಾಲಿ ಬಸ್ಸಿನಲ್ಲಿ ಇವರಿಬ್ಬರೇ ಉಳಿದದ್ದನ್ನು ಕಂಡು ಕಂಡಕ್ಟರ್ ಹತ್ತಿರ ಬಂದ.

"ಇಳೀರಿ ಸಾಬ್ರ, ಊರ ಬಂತು."

ಮುರ್ತುಜಾ ಹೆಗಲು ಅಲುಗಿಸದೆ, ದನಿ ತಗ್ಗಿಸಿ ಹೇಳಿದ: "ಒಂದೀಟ ತಡೀರಿ. ಮಲಗ್ಯಾಳ."

ಕಂಡಕ್ಟರ್ ಬಾಗಿಲಿಗೆ ಆತು ನಿಂತು ಬೀಡಿ ಹಚ್ಚಿದ.